ಮೂರನೆಯ ದಿನದ ನಿದ್ರೆ

ಗರ್ಭಸ್ಥ ಶಿಶುವಿಗೆ ತಾಯಿಯ ಯಕೃತ್ತೇ ಯಕೃತ್ತು, ತಾಯಿಯ ಮೂತ್ರಪಿಂಡಗಳೇ ಮೂತ್ರಪಿಂಡಗಳು. ಆ ಎಳೆಯ ದೇಹದಲ್ಲಿ ಉತ್ಪನ್ನವಾಗುವ ಕಲ್ಮಷವೆಲ್ಲವೂ ಹೊಕ್ಕುಳಬಳ್ಳಿಯನ್ನು ಹಾದು, ಮಾಸನ್ನು ದಾಟಿ, ತಾಯಿಯ ರಕ್ತವನ್ನು ಸೇರಿ, ಅವಳ ಅರಿವಿಗೆ ಬಾರದಂತೆಯೇ ಅವಳಿಂದ ಶುದ್ಧಿಗೊಂಡು ಹೊರಟುಹೋಗುತ್ತದೆ. ಆದುದರಿಂದಲೇ, ದೇಹಶುದ್ಧಿಗೆ ಅತ್ಯಗತ್ಯವಾದ ಒಂದು ಕಿಣ್ವವೇ ಇಲ್ಲದೆ ರೂಪುಗೊಂಡ ಕೂಸು ಕೂಡ ಒಂಬತ್ತು ತಿಂಗಳನ್ನು ನಿರಾತಂಕವಾಗಿ ಕಳೆದು, ತುಂಬಿದ ತೂಕದಿಂದ, ನಿರ್ದುಷ್ಟವಾದ ಅಂಗಾಂಗಗಳಿಂದ, ಗಟ್ಟಿಯಾದ ಅಳುವಿನೊಡನೆ ಜನಿಸುತ್ತದೆ. ಹೆರಿಗೆಯ ಕೋಣೆಯಲ್ಲಿ ಅದನ್ನು ಪರೀಕ್ಷಿಸಿದ ವೈದ್ಯರಿಗೆ ಯಾವ ಕುಂದೂ ತೋರುವುದಿಲ್ಲ. ಮೊದಲನೆಯ ದಿನ ಅದು ಹಾಲು ಕುಡಿಯುತ್ತದೆ, ಬಂಧುಗಳು ಬಂದು ಮುಖ ನೋಡಿ ಹೋಗುತ್ತಾರೆ. ಎರಡನೆಯ ದಿನದ ಇಳಿಹೊತ್ತಿಗೋ ಮೂರನೆಯ ದಿನದ ಮುಂಜಾನೆಗೋ ಬಾಣಂತಿಯ ಬಳಿ ಇರುವ ಹಿರಿಯಳೊಬ್ಬಳು, "ಕೂಸು ಯಾಕೋ ಮೊಲೆ ಹಿಡೀತಾ ಇಲ್ಲಮ್ಮ, ಬರೀ ನಿದ್ದೆ ಮಾಡ್ತಿದೆ" ಎಂದು ನರ್ಸಿಗೆ ಹೇಳುತ್ತಾಳೆ.

ಹಸುಗೂಸುಗಳು ನಿದ್ರಿಸುವುದು ಸಹಜವೇ ಆದುದರಿಂದ ಆ ಮಾತಿಗೆ ತಕ್ಷಣ ಮಹತ್ವ ದೊರೆಯದೆ ಹೋಗುವುದುಂಟು, ಮತ್ತು ಹತ್ತರಲ್ಲಿ ಒಂಬತ್ತು ಸಂದರ್ಭಗಳಲ್ಲಿ ಹಾಗೆ ಉಪೇಕ್ಷಿಸಿದರೂ ಕೇಡಾಗದೆಂಬುದೂ ನಿಜವಾಗಿರಬಹುದು. ಆದರೆ ನಾನಿಲ್ಲಿ ಬರೆಯಹೊರಟಿರುವ ವ್ಯಾಧಿಯಲ್ಲಿ ಆ ನಿದ್ರೆಯು ನಿದ್ರೆಯಲ್ಲ, ಪ್ರಜ್ಞಾಲೋಪದ ಪ್ರಥಮ ಸೋಪಾನ. ಅದರ ಹಿಂದೆಯೇ ವಾಂತಿ ಬರುತ್ತದೆ, ಮೈ ತಣ್ಣಗಾಗುತ್ತದೆ, ಉಸಿರು ಅಕಾರಣವಾಗಿ ತೀವ್ರಗೊಳ್ಳುತ್ತದೆ, ಎತ್ತಿದ ಕೈ ಎತ್ತಿದಂತೆಯೇ ಸೋತು ಬೀಳುತ್ತದೆ, ಕಡೆಗೆ ಸೆಳವು ಕಾಣಿಸಿಕೊಂಡು, ಅಂಗಾಲಿಗೆ ತಟ್ಟಿದರೂ ಅಳದ ಸ್ಥಿತಿಗೆ ಶಿಶುವು ಇಳಿಯುತ್ತದೆ. ಇಷ್ಟೂ ನಡೆಯಲು ಒಂದು ಹಗಲು ಒಂದು ರಾತ್ರಿ ಸಾಕು. ಯೂರಿಯಾ ಚಕ್ರದ ಆನುವಂಶಿಕ ದೋಷಗಳೆಂದು ವೈದ್ಯಶಾಸ್ತ್ರವು ಕರೆಯುವ ಈ ವ್ಯಾಧಿಗಳು ಎಲ್ಲವೂ ಸೇರಿ ಸುಮಾರು 35,000 ಜನನಗಳಿಗೆ ಒಂದರಂತೆ ಸಂಭವಿಸುತ್ತವೆಂಬ ಅಂದಾಜಿದೆ. ಹೀಗೆ ವಿರಳವಾಗಿರುವುದೇ ಇವುಗಳ ಮೊದಲನೆಯ ಅಪಾಯ. ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರೊಬ್ಬರು ತಮ್ಮ ವೃತ್ತಿಜೀವನದುದ್ದಕ್ಕೂ ಇಂತಹ ಒಂದೋ ಎರಡೋ ಶಿಶುಗಳನ್ನು ಮಾತ್ರ ಕಾಣಬಹುದು, ಆದರೆ ಕಂಡ ಆ ದಿನವೇ ಗುರುತಿಸದಿದ್ದರೆ ಮರುದಿನ ಗುರುತಿಸಿ ದೊರೆಯುವ ಫಲ ಬಹಳ ಕಡಿಮೆ.

ಎರಡನೆಯ ಅಪಾಯವೆಂದರೆ, ಇದೇ ಲಕ್ಷಣಗಳು ರಕ್ತದ ನಂಜಿನಲ್ಲಿಯೂ ಇರುತ್ತವೆ. ಹಾಲು ಬಿಟ್ಟ, ತಣ್ಣಗಾದ, ಜಡವಾದ ಮೂರು ದಿನದ ಕೂಸನ್ನು ಕಂಡ ವೈದ್ಯರು ನಂಜನ್ನು ಶಂಕಿಸುವುದು ನ್ಯಾಯವೇ ಸರಿ. ನಂಜು ಈ ವ್ಯಾಧಿಗಿಂತ ಎಷ್ಟೋ ಪಾಲು ಹೆಚ್ಚು ಸಾಮಾನ್ಯವಾದುದು, ಮತ್ತು ಅದಕ್ಕೆ ಔಷಧ ತಡವಾದರೆ ಪ್ರಾಣಕ್ಕೇ ಎರವು. ಆದುದರಿಂದ ರಕ್ತವನ್ನು ಕಲ್ಚರಿಗೆ ಕಳುಹಿಸಿ, ಆ್ಯಂಟಿಬಯೋಟಿಕ್ ಆರಂಭಿಸಿ, ಫಲಿತಾಂಶಕ್ಕಾಗಿ ಕಾಯುತ್ತಾರೆ. ಆ ಫಲಿತಾಂಶ ಬರಲು ಎರಡು ದಿನ ಬೇಕು. ಔಷಧವನ್ನು ಆರಂಭಿಸಿದುದರಲ್ಲಿ ಎಳ್ಳಷ್ಟೂ ತಪ್ಪಿಲ್ಲವೆಂದೂ, ಎರಡನೆಯ ಪ್ರಶ್ನೆಯನ್ನು ಕೇಳಲು ಆ ಎರಡು ದಿನ ಕಾದುದೇ ತಪ್ಪೆಂದೂ ನಾನು ದೃಢವಾಗಿ ನಂಬಿದ್ದೇನೆ. ನಂಜಿನ ಶಂಕೆಯಿಂದ ರಕ್ತ ತೆಗೆಯುವ ಅದೇ ಸೂಜಿಯಿಂದ, ಅದೇ ಗಳಿಗೆಯಲ್ಲಿ, ಅಮೋನಿಯಾದ ಪರೀಕ್ಷೆಗೂ ಒಂದಿಷ್ಟು ರಕ್ತ ತೆಗೆಯತಕ್ಕದ್ದು.

ನಮ್ಮ ಹಿರಿಯರು ಇಂತಹ ಸಾವುಗಳನ್ನು ಕಾಣದವರಲ್ಲ. ಕೂಸಿಗೆ ಸೆಳವು ಬಂದರೆ ಬಾಲಗ್ರಹವೆಂದರು. ಹಾಲು ಬಿಟ್ಟು ಸತ್ತರೆ ದೃಷ್ಟಿಯೆಂದರು. ಉತ್ತರ ಕರ್ನಾಟಕದ ಮನೆಗಳಲ್ಲಿ ಶೆಟಿವಿ ತಾಯಿ ಹಣೆಯಲ್ಲಿ ಬರೆದುದು ಅಷ್ಟೇ ಎಂದು ಕಣ್ಣೊರೆಸಿಕೊಂಡರು. ಅವರ ವಿವರಣೆಯನ್ನು ನಾವಿಂದು ಒಪ್ಪದಿರಬಹುದು, ಆದರೆ ಅವರ ಸ್ಮರಣೆಯನ್ನು ತಿರಸ್ಕರಿಸುವ ವೈದ್ಯನು ಬಹು ದೊಡ್ಡ ಸಾಕ್ಷ್ಯವೊಂದನ್ನು ಕಳೆದುಕೊಳ್ಳುತ್ತಾನೆ. "ಅಜ್ಜಿ, ನಿಮ್ಮ ಮನೆತನದಲ್ಲಿ ಹಿಂದೆ ಯಾವುದಾದರೂ ಕೂಸು ಹೀಗೆ ಹೋಗಿತ್ತೇ?" ಎಂದು ಕೇಳಿದರೆ, ಯಾವ ದಾಖಲೆಯಲ್ಲಿಯೂ ಇಲ್ಲದ ಸಂಗತಿ ಹೊರಬರುತ್ತದೆ: ಬಾಣಂತಿಯ ತಾಯಿಗೆ ಎರಡು ಗಂಡುಕೂಸುಗಳು ಹುಟ್ಟಿ ವಾರ ತುಂಬುವ ಮುನ್ನವೇ ತೀರಿಕೊಂಡಿದ್ದುವು, ಹೆಣ್ಣುಮಕ್ಕಳು ಮಾತ್ರ ಉಳಿದರು. ಆ ವಂಶದಲ್ಲಿ ಗಂಡು ನಿಲ್ಲುವುದಿಲ್ಲವೆಂದು ಊರು ಆಡಿಕೊಂಡಿತ್ತು. ಊರಿನ ಆ ಮಾತು ಒಂದು ವಂಶವೃಕ್ಷವೇ ಆಗಿದೆ. ತಳಿಶಾಸ್ತ್ರವನ್ನು ಬಲ್ಲವರು ಅದರಿಂದಲೇ ಅರ್ಧ ನಿದಾನವನ್ನು ಮಾಡಬಲ್ಲರು.

ವ್ಯಾಧಿಯ ಮೂಲವನ್ನು ತಿಳಿಯಬೇಕಾದರೆ ದೇಹವು ಸಾರಜನಕವನ್ನು ಹೇಗೆ ನಿರ್ವಹಿಸುತ್ತದೆಂಬುದನ್ನು ನೋಡಬೇಕು. ಪಿಷ್ಟವನ್ನೂ ಕೊಬ್ಬನ್ನೂ ದೇಹವು ಉರಿಸಿದಾಗ ಉಳಿಯುವುದು ನೀರು ಮತ್ತು ಉಸಿರಿನೊಡನೆ ಹೊರಟುಹೋಗುವ ಅನಿಲ. ಆದರೆ ಪ್ರೋಟೀನಿನಲ್ಲಿ ಸುಮಾರು ನೂರಕ್ಕೆ 16 ಪಾಲು ಸಾರಜನಕವಿದ್ದು, ಅದು ಅಮೋನಿಯಾ ಆಗಿ ಬಿಡುಗಡೆಯಾಗುತ್ತದೆ. ಅಮೋನಿಯಾ ಮಿದುಳಿಗೆ ಘೋರ ವಿಷ. ಆರೋಗ್ಯವಂತರ ಯಕೃತ್ತು ಅದನ್ನು ಹುಟ್ಟಿದ ಕ್ಷಣದಲ್ಲಿಯೇ ಹಿಡಿದು, ಯೂರಿಯಾ ಎಂಬ ಸಾಧು ಪದಾರ್ಥವಾಗಿ ಪರಿವರ್ತಿಸಿ, ಮೂತ್ರದ ಮಾರ್ಗವಾಗಿ ಕಳುಹಿಸಿಬಿಡುತ್ತದೆ. ಇಲ್ಲಿ ಬಹುಜನರಿಗೆ ತಿಳಿಯದ ಒಂದು ಅಂಶವಿದೆ. ನವಜಾತ ಶಿಶುವಿಗೆ ಪ್ರೋಟೀನು ಬರುವುದು ತಾಯಿಯ ಹಾಲಿನಿಂದ ಮಾತ್ರವಲ್ಲ. ಮೊದಲ ದಿನಗಳಲ್ಲಿ, ಇನ್ನೂ ಸಾಕಷ್ಟು ಹಾಲು ದೊರೆಯದೆ ತೂಕ ಇಳಿಯುವ ಕಾಲದಲ್ಲಿ, ಶಿಶುವು ತನ್ನ ಮಾಂಸದ ಪ್ರೋಟೀನನ್ನೇ ಕರಗಿಸಿಕೊಳ್ಳುತ್ತದೆ. ಕಾಯಿಲೆ ಬಿದ್ದ ಕೂಸು ಹಾಲು ಬಿಟ್ಟಷ್ಟೂ ಈ ಕರಗುವಿಕೆ ಹೆಚ್ಚುತ್ತದೆ, ಅದರೊಡನೆ ಅಮೋನಿಯಾವೂ ಹೆಚ್ಚುತ್ತದೆ. ಹಾಲನ್ನು ನಿಲ್ಲಿಸಿದ ಮಾತ್ರದಿಂದ ವಿಷವು ಇಳಿಯದಿರಲು ಇದೇ ಕಾರಣ.

ಯಕೃತ್ತು ಈ ಕಾರ್ಯವನ್ನು ನಡೆಸುವ ಕ್ರಮವನ್ನು ಕಂಡುಹಿಡಿದವರು ಜರ್ಮನಿಯ ಫ್ರೈಬರ್ಗಿನಲ್ಲಿದ್ದ ಹಾನ್ಸ್ ಕ್ರೆಬ್ಸ್ ಎಂಬ ತರುಣ ವೈದ್ಯರೂ ಕುರ್ಟ್ ಹೆನ್ಸೆಲೀಟ್ ಎಂಬ ವಿದ್ಯಾರ್ಥಿಯೂ. ಇಲಿಯ ಯಕೃತ್ತಿನ ತೆಳುವಾದ ಸೀಳುಗಳನ್ನು ದ್ರವದಲ್ಲಿ ಜೀವಂತವಾಗಿರಿಸಿ, ಅಮೋನಿಯಾದೊಡನೆ ಒಂದೊಂದು ಪದಾರ್ಥವನ್ನು ಬೆರೆಸುತ್ತ, ಯೂರಿಯಾ ಎಷ್ಟು ಹುಟ್ಟುತ್ತದೆಂದು ಅಳೆಯುತ್ತಿದ್ದರು. ಆರ್ನಿಥಿನ್ ಎಂಬ ಅಮೈನೋ ಆಮ್ಲವನ್ನು ಬೆರೆಸಿದಾಗ ಯೂರಿಯಾದ ಉತ್ಪತ್ತಿ ಅನಿರೀಕ್ಷಿತವಾಗಿ ಏರಿತು. ಅದಕ್ಕಿಂತಲೂ ವಿಸ್ಮಯಕರವಾಗಿ, ಹಾಕಿದ ಆರ್ನಿಥಿನ್ ಕೊನೆಯಲ್ಲಿ ಖರ್ಚಾಗದೆ ಉಳಿದಿತ್ತು. ಇದರಿಂದ ಅವರು ತೆಗೆದ ನಿರ್ಣಯವೇ 1932ರಲ್ಲಿ ಪ್ರಕಟವಾದ ಯೂರಿಯಾ ಚಕ್ರ. ಬಾವಿಯ ರಾಟೆಗೆ ಕಟ್ಟಿದ ಕೊಡವು ತುಂಬಿ ಮೇಲೆ ಬಂದು, ನೀರನ್ನು ಸುರಿದು, ಬರಿದಾಗಿ ಮತ್ತೆ ಕೆಳಕ್ಕೆ ಇಳಿಯುವಂತೆ, ಆರ್ನಿಥಿನ್ ಸಾರಜನಕವನ್ನು ಹೊತ್ತು ಸಿಟ್ರುಲಿನ್ ಆಗಿ, ಆರ್ಜಿನಿನೋಸಕ್ಸಿನಿಕ್ ಆಮ್ಲವಾಗಿ, ಆರ್ಜಿನಿನ್ ಆಗಿ ಮೇಲೇರಿ, ಅಲ್ಲಿ ಯೂರಿಯಾವನ್ನು ಬಿಟ್ಟು ಮರಳಿ ಆರ್ನಿಥಿನ್ನೇ ಆಗುತ್ತದೆ. ಜೀವರಸಾಯನಶಾಸ್ತ್ರದಲ್ಲಿ ಚಕ್ರರೂಪವಾದ ಕ್ರಿಯೆಯೊಂದನ್ನು ಗುರುತಿಸಿದುದು ಅದೇ ಮೊದಲು. ಮರುವರ್ಷವೇ ಹಿಟ್ಲರನ ಆಡಳಿತವು ಯಹೂದಿಯೆಂಬ ಕಾರಣಕ್ಕೆ ಕ್ರೆಬ್ಸರನ್ನು ಹುದ್ದೆಯಿಂದ ತೆಗೆದುಹಾಕಿತು. ಅವರು ಇಂಗ್ಲೆಂಡಿಗೆ ವಲಸೆಹೋಗಿ, ತಮ್ಮ ಹೆಸರಿನಿಂದಲೇ ಪ್ರಸಿದ್ಧವಾದ ಇನ್ನೊಂದು ಚಕ್ರವನ್ನು ಅಲ್ಲಿ ಕಂಡುಹಿಡಿದು, 1953ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು.

ಈ ಚಕ್ರದ ಐದು ಮೆಟ್ಟಿಲುಗಳಿಗೆ ಐದು ಕಿಣ್ವಗಳಿವೆ; ಮೊದಲನೆಯದನ್ನು ಚಾಲನೆಗೊಳಿಸುವ ಪದಾರ್ಥವನ್ನು ತಯಾರಿಸಲು ಆರನೆಯದೊಂದು ಬೇಕು. ಪ್ರತಿಯೊಂದಕ್ಕೂ ಒಂದೊಂದು ವಂಶವಾಹಿ. ಐದು ವಂಶವಾಹಿಗಳ ದೋಷಗಳು ತಂದೆತಾಯಿಗಳಿಬ್ಬರಿಂದಲೂ ಬಂದರೆ ಮಾತ್ರ ವ್ಯಾಧಿಯನ್ನುಂಟುಮಾಡುತ್ತವೆ. ಎರಡನೆಯ ಮೆಟ್ಟಿಲಿನದಾದ ಆರ್ನಿಥಿನ್ ಟ್ರಾನ್ಸ್‌ಕಾರ್ಬಮೈಲೇಸಿನ ವಂಶವಾಹಿಯೊಂದು ಮಾತ್ರ ಎಕ್ಸ್ ವರ್ಣತಂತುವಿನಲ್ಲಿದ್ದು, ತಾಯಿಯಿಂದ ಗಂಡುಮಕ್ಕಳಿಗೆ ಬಂದಾಗ ಅತ್ಯುಗ್ರವಾಗುತ್ತದೆ. ಈ ಗುಂಪಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ದೋಷವೂ ಇದೇ. ಅಜ್ಜಿಯು ನೆನೆದ ಆ ಗಂಡುಕೂಸುಗಳ ಕಥೆಯು ಬಹುಮಟ್ಟಿಗೆ ಇದರ ಕಥೆ.

ಚಕ್ರವು ನಿಂತಾಗ ಮಿದುಳಿಗೆ ಏನಾಗುತ್ತದೆ? ಮಿದುಳಿನಲ್ಲಿ ನರಕೋಶಗಳನ್ನು ಪೋಷಿಸುವ ನಕ್ಷತ್ರಾಕಾರದ ಕೋಶಗಳಿವೆ. ಅವು ಅಮೋನಿಯಾವನ್ನು ಗ್ಲುಟಮಿನ್ ಆಗಿ ಕಟ್ಟಿಹಾಕಿ ನರಕೋಶಗಳನ್ನು ಕಾಯುತ್ತವೆ. ಆದರೆ ಒಳಗೆ ಸಂಗ್ರಹವಾದ ಗ್ಲುಟಮಿನ್ ನೀರನ್ನು ಸೆಳೆಯುವುದರಿಂದ ಕಾಯುವ ಕೋಶಗಳೇ ಊದಿಕೊಳ್ಳುತ್ತವೆ, ಅವು ಊದಿದಂತೆ ಇಡೀ ಮಿದುಳು ಊದುತ್ತದೆ. ಇದಕ್ಕೂ ಮುಂಚೆಯೇ ಅಮೋನಿಯಾವು ಉಸಿರಾಟದ ಕೇಂದ್ರವನ್ನು ಪ್ರಚೋದಿಸುವುದರಿಂದ ಶಿಶುವಿನ ಉಸಿರು ತೀವ್ರವಾಗುತ್ತದೆ. ಈ ತೀವ್ರವಾದ ಉಸಿರೇ ರೋಗನಿದಾನದ ಮೊದಲನೆಯ ಸುಳಿವು, ಮತ್ತು ನನ್ನ ಅಭಿಪ್ರಾಯದಲ್ಲಿ ಅತ್ಯಂತ ಅಮೂಲ್ಯವಾದ ಸುಳಿವು. ಕೂಸು ಬೇಗಬೇಗನೆ ಉಸಿರಾಡುತ್ತಿದೆ, ಆದರೆ ಎಕ್ಸ್‌ರೇಯಲ್ಲಿ ಶ್ವಾಸಕೋಶಗಳು ಶುಭ್ರವಾಗಿವೆ. ರಕ್ತದ ಅನಿಲಗಳ ಪರೀಕ್ಷೆ ಮಾಡಿದರೆ ರಕ್ತವು ಆಮ್ಲೀಯವಾಗಿರುವ ಬದಲು ಕ್ಷಾರೀಯವಾಗಿದೆ, ಇಂಗಾಲದ ಡೈಆಕ್ಸೈಡ್ ಇಳಿದಿದೆ. ನಂಜಿನಿಂದ ನವೆಯುವ ಕೂಸಿನ ರಕ್ತವು ಸಾಮಾನ್ಯವಾಗಿ ಆಮ್ಲೀಯವಾಗುತ್ತದೆ. ಪ್ರಜ್ಞೆ ಕುಗ್ಗುತ್ತಿರುವ ಶಿಶುವಿನ ರಕ್ತ ಕ್ಷಾರೀಯವೆಂದು ಕಂಡೊಡನೆ ಅಮೋನಿಯಾದ ಕಡೆಗೆ ಮನಸ್ಸು ಹರಿಯಲೇಬೇಕು. ಇದರೊಡನೆ ರಕ್ತದ ಯೂರಿಯಾ ಅತಿ ಕಡಿಮೆಯೆಂದು ವರದಿ ಬಂದಿದ್ದರೆ ಅದೂ ಸಾಕ್ಷಿ. ಹೆಚ್ಚಾದ ಯೂರಿಯಾವನ್ನು ಕಂಡು ಬೆದರುವ ನಾವು ಕಡಿಮೆಯಾದುದನ್ನು ಕಂಡು ನೆಮ್ಮದಿಯಿಂದ ಮುಂದೆ ಹೋಗುವ ಅಭ್ಯಾಸದವರು, ಈ ವ್ಯಾಧಿಯಲ್ಲಿ ಮಾತ್ರ ಆ ಅಭ್ಯಾಸವು ಪ್ರಾಣಾಂತಿಕವಾಗುತ್ತದೆ.

ಅಮೋನಿಯಾದ ಪರೀಕ್ಷೆಯು ದುಬಾರಿಯಾದುದಲ್ಲ, ಆದರೆ ಬಹಳ ಸೂಕ್ಷ್ಮವಾದುದು. ತೆಗೆದ ರೀತಿ ತಪ್ಪಾದರೆ ಉತ್ತರವೂ ತಪ್ಪು. ತೋಳಿಗೆ ಬಿಗಿಯಾಗಿ ಪಟ್ಟಿ ಕಟ್ಟಿ, ಹಿಂಡಿ, ತೊಟ್ಟುತೊಟ್ಟಾಗಿ ತೆಗೆದ ರಕ್ತದಲ್ಲಿ ಅಮೋನಿಯಾ ಹುಸಿಯಾಗಿ ಏರಿರುತ್ತದೆ. ಅಭಿಧಮನಿಯಿಂದಲೋ ಅಪಧಮನಿಯಿಂದಲೋ ಸರಾಗವಾಗಿ ಹರಿದು ಬಂದ ರಕ್ತವೇ ಆಗಬೇಕು. ತೆಗೆದ ರಕ್ತವು ಕೊಳವೆಯೊಳಗೂ ಸುಮ್ಮನಿರುವುದಿಲ್ಲ. ಕೆಂಪು ಕಣಗಳಿಂದ ಅಮೋನಿಯಾ ಹೊರಬರುತ್ತಲೇ ಇರುತ್ತದೆ, ಗ್ಲುಟಮಿನ್ ಒಡೆಯುತ್ತಲೇ ಇರುತ್ತದೆ. ಆದುದರಿಂದ ಕೊಳವೆಯನ್ನು ಐಸಿನಲ್ಲಿ ಹುದುಗಿಸಿ, ಓಡಿಕೊಂಡೇ ಲ್ಯಾಬಿಗೆ ತಲುಪಿಸಿ, ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ ಪ್ಲಾಸ್ಮಾವನ್ನು ಬೇರ್ಪಡಿಸಬೇಕು. ಬೇಸಗೆಯ ಮಧ್ಯಾಹ್ನ ಬೇರೊಂದು ಕಟ್ಟಡದ ಲ್ಯಾಬಿಗೆ ಬಿಸಿಲಿನಲ್ಲಿ ನಡೆದು ಹೋದ ಕೊಳವೆಯು ಆರೋಗ್ಯವಂತ ಶಿಶುವನ್ನೂ ರೋಗಿಯೆಂದು ಸಾರಬಲ್ಲುದು. ಹೀಗೆ ಹುಸಿ ಏರಿಕೆಗಳನ್ನು ಹಲವು ಸಲ ಕಂಡು ಬೇಸತ್ತ ಕೆಲವು ವೈದ್ಯರು ಪರೀಕ್ಷೆಯಲ್ಲಿಯೇ ನಂಬಿಕೆ ಕಳೆದುಕೊಂಡು, ನಿಜವಾದ ಏರಿಕೆಯನ್ನೂ 'ಸ್ಯಾಂಪಲ್ ಸರಿಯಿರಲಿಲ್ಲ' ಎಂದು ಬದಿಗಿಡುವ ಅಪಾಯವಿದೆ. ಸಂದೇಹವಿದ್ದರೆ ಮಾಡತಕ್ಕದ್ದು ಒಂದೇ: ಆ ಗಳಿಗೆಯಲ್ಲೇ ಮತ್ತೊಮ್ಮೆ, ವಿಧಿಪೂರ್ವಕವಾಗಿ ರಕ್ತ ತೆಗೆದು ನೋಡುವುದು.

ಅಂಕಿಯನ್ನು ಓದುವುದರಲ್ಲಿಯೂ ಎಚ್ಚರ ಬೇಕು. ಕೆಲವು ಲ್ಯಾಬುಗಳು ಲೀಟರಿಗೆ ಇಷ್ಟು ಮೈಕ್ರೋಮೋಲ್ ಎಂದು ಬರೆಯುತ್ತವೆ, ಕೆಲವು ಡೆಸಿಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದು ಬರೆಯುತ್ತವೆ. ಮೊದಲನೆಯ ಲೆಕ್ಕದ 100 ಎರಡನೆಯ ಲೆಕ್ಕದಲ್ಲಿ ಸುಮಾರು 170 ಆಗುತ್ತದೆ. ಒಂದು ಊರಿನ ವರದಿಯನ್ನು ಇನ್ನೊಂದು ಊರಿಗೆ ಫೋನಿನಲ್ಲಿ ಹೇಳುವಾಗ ಮಾನವನ್ನು ಬಿಟ್ಟು ಅಂಕಿಯನ್ನು ಮಾತ್ರ ಹೇಳಿದರೆ ಆಗುವ ಗೊಂದಲವನ್ನು ಬೇರೆ ವರ್ಣಿಸಬೇಕಿಲ್ಲ. ಮೈಕ್ರೋಮೋಲಿನ ಲೆಕ್ಕದಲ್ಲಿ ಆರೋಗ್ಯವಂತ ನವಜಾತ ಶಿಶುವಿನಲ್ಲಿ ಸುಮಾರು 100ರವರೆಗೆ ಇರಬಹುದು; ಅಸ್ವಸ್ಥ ಶಿಶುವಿನಲ್ಲಿ 150ನ್ನು ಮೀರಿದರೆ ಕಾರಣವನ್ನು ಹುಡುಕಲೇಬೇಕು; ಈ ವ್ಯಾಧಿಗಳಲ್ಲಿ ಅದು ಹಲವು ನೂರಕ್ಕೂ, 1,000ವನ್ನು ಮೀರಿಯೂ ಏರುವುದುಂಟು. ಅಮೋನಿಯಾ ಏರಿದುದೆಲ್ಲವೂ ಯೂರಿಯಾ ಚಕ್ರದ ದೋಷವಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ದಿನ ತುಂಬದೆ ಹುಟ್ಟಿದ, ಉಸಿರಾಟದ ತೊಂದರೆಯಿರುವ ಶಿಶುವಿನಲ್ಲಿ ಮೊದಲ ಇಪ್ಪತ್ತನಾಲ್ಕು ಗಂಟೆಗಳೊಳಗೇ ಅದು ತಾತ್ಕಾಲಿಕವಾಗಿ ಏರಬಹುದು. ಯಕೃತ್ತೇ ಕೆಟ್ಟಿದ್ದರೂ ಏರುತ್ತದೆ. ಸಾವಯವ ಆಮ್ಲಗಳು ರಕ್ತದಲ್ಲಿ ಸಂಗ್ರಹವಾಗುವ ಬೇರೊಂದು ಜಾತಿಯ ಆನುವಂಶಿಕ ರೋಗಗಳಲ್ಲಿ ಆ ಆಮ್ಲಗಳು ಯೂರಿಯಾ ಚಕ್ರವನ್ನು ಕುಂಠಿತಗೊಳಿಸುವುದರಿಂದಲೂ ಏರುತ್ತದೆ; ಆದರೆ ಅಲ್ಲಿ ರಕ್ತವು ಬಲವಾಗಿ ಆಮ್ಲೀಯವಾಗಿರುತ್ತದೆ, ಮೂತ್ರದಲ್ಲಿ ಕೀಟೋನುಗಳಿರುತ್ತವೆ.

ಅಮೋನಿಯಾವು ಬಾಗಿಲನ್ನು ತೋರಿಸಿದ ಮೇಲೆ ಮನೆಯೊಳಗಿನ ಕೋಣೆಯನ್ನು ಹುಡುಕಿಕೊಡುವುದು ಸಿಟ್ರುಲಿನ್. ಕಲ್ಲಂಗಡಿಯ ರಸದಿಂದ ಮೊದಲು ಬೇರ್ಪಡಿಸಲಾದ ಈ ಅಮೈನೋ ಆಮ್ಲವು ಚಕ್ರದ ನಡುಮಧ್ಯದಲ್ಲಿರುವುದರಿಂದ, ಅದರ ಪ್ರಮಾಣವೊಂದನ್ನು ತಿಳಿದರೆ ತಡೆಯು ಅದಕ್ಕಿಂತ ಹಿಂದಿದೆಯೋ ಮುಂದಿದೆಯೋ ಎಂಬುದು ತಿಳಿಯುತ್ತದೆ. ಪ್ಲಾಸ್ಮಾದಲ್ಲಿ ಸಿಟ್ರುಲಿನ್ ವಿಪರೀತವಾಗಿ ಏರಿದ್ದರೆ ಅದರ ಮುಂದಿನ ಮೆಟ್ಟಿಲೇ ಮುರಿದಿದೆ. ಮಧ್ಯಮವಾಗಿ ಏರಿ, ಜೊತೆಗೆ ಆರ್ಜಿನಿನೋಸಕ್ಸಿನಿಕ್ ಆಮ್ಲವೂ ಕಂಡರೆ ಅದಕ್ಕೂ ಮುಂದಿನದು. ಸಿಟ್ರುಲಿನ್ ಇಲ್ಲವೇ ಇಲ್ಲವೆಂಬಷ್ಟು ಕಡಿಮೆಯಿದ್ದರೆ ತಡೆಯು ಹಿಂದಿನ ಮೆಟ್ಟಿಲುಗಳಲ್ಲಿದೆ. ಆಗ ಮೂತ್ರದಲ್ಲಿ ಒರೋಟಿಕ್ ಆಮ್ಲವನ್ನು ಹುಡುಕುತ್ತಾರೆ. ಎರಡನೆಯ ಮೆಟ್ಟಿಲು ಮುರಿದಿದ್ದರೆ ಮೊದಲನೆಯ ಮೆಟ್ಟಿಲಿನಲ್ಲಿ ತಯಾರಾದ ಕಾರ್ಬಮೈಲ್ ಫಾಸ್ಫೇಟು ದಾರಿ ಕಾಣದೆ ಬೇರೆ ಕಡೆಗೆ ಹರಿದು ಒರೋಟಿಕ್ ಆಮ್ಲವಾಗಿ ಮೂತ್ರದಲ್ಲಿ ಹೇರಳವಾಗಿ ಬೀಳುತ್ತದೆ. ಮೊದಲನೆಯದೇ ಮುರಿದಿದ್ದರೆ ಅದು ಹುಟ್ಟುವುದೇ ಇಲ್ಲ. ಇಷ್ಟು ಸರಳವಾದ, ಇಷ್ಟು ನಿರ್ಮಲವಾದ ತರ್ಕವು ವೈದ್ಯಶಾಸ್ತ್ರದಲ್ಲಿ ವಿರಳ. ಕೊನೆಯ ಮೆಟ್ಟಿಲಾದ ಆರ್ಜಿನೇಸಿನ ದೋಷವು ಸಾಮಾನ್ಯವಾಗಿ ನವಜಾತ ಸ್ಥಿತಿಯಲ್ಲಿ ಪ್ರಕಟವಾಗದೆ, ಮುಂದೆ ಕಾಲುಗಳ ಬಿಗಿತವಾಗಿ ತೋರುವುದರಿಂದ ಅದರ ವಿಚಾರ ಬೇರೆ. ವಂಶವಾಹಿಯ ಪರೀಕ್ಷೆಯು ಇವೆಲ್ಲವನ್ನೂ ದೃಢಪಡಿಸುತ್ತದೆ, ಆದರೆ ಅದರ ವರದಿಗೆ ದಿನಗಳೋ ವಾರಗಳೋ ಬೇಕು, ಶಿಶುವಿಗಿರುವುದು ಗಂಟೆಗಳು.

ಗಂಟೆಗಳು ಎಂದುದು ಅಲಂಕಾರಕ್ಕಾಗಿ ಅಲ್ಲ. ಅಮೆರಿಕದ ಬಾಲ್ಟಿಮೋರಿನ ವೈದ್ಯರು ಈ ಪ್ರಜ್ಞಾಲೋಪಕ್ಕೆ ಒಳಗಾದ ಮಕ್ಕಳನ್ನು ಕುರಿತು 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಚಿಕಿತ್ಸೆ ಪಡೆದ 26 ಮಕ್ಕಳಲ್ಲಿ ಹೆಚ್ಚಿನವರು ಜೀವವನ್ನು ಉಳಿಸಿಕೊಂಡರೂ, ಉಳಿದವರಲ್ಲಿ ಬಹುಪಾಲು ಮಕ್ಕಳ ಬುದ್ಧಿಬೆಳವಣಿಗೆಯು ತೀವ್ರವಾಗಿ ಕುಂಠಿತವಾಗಿತ್ತು. ಮನಸ್ಸಿನಲ್ಲಿ ನಿಲ್ಲಬೇಕಾದುದು ಆ ಅಧ್ಯಯನದ ಇನ್ನೊಂದು ಅಂಶ: ಮಗುವಿನ ಮುಂದಿನ ಬುದ್ಧಿಶಕ್ತಿಯು ಅಮೋನಿಯಾ ಎಷ್ಟು ಎತ್ತರಕ್ಕೆ ಏರಿತ್ತೆಂಬುದನ್ನು ಅವಲಂಬಿಸಿರಲಿಲ್ಲ, ಪ್ರಜ್ಞಾಲೋಪವು ಎಷ್ಟು ಕಾಲ ಉಳಿದಿತ್ತೆಂಬುದನ್ನು ಅವಲಂಬಿಸಿತ್ತು. ಕಲ್ಚರಿನ ವರದಿಗಾಗಿ ಕಾದ ಎರಡು ದಿನಗಳ ಬೆಲೆಯೇನೆಂಬುದು ಇದರಿಂದ ವಿದಿತವಾಗುತ್ತದೆ.

ಆದುದರಿಂದ ವ್ಯಾಧಿಯ ನಿಖರವಾದ ಹೆಸರು ತಿಳಿಯುವ ಮುನ್ನವೇ ಚಿಕಿತ್ಸೆ ಆರಂಭವಾಗಬೇಕು. ಹಾಲನ್ನು ತತ್ಕಾಲಕ್ಕೆ ನಿಲ್ಲಿಸಿ, ಗ್ಲೂಕೋಸಿನ ಡ್ರಿಪ್ಪನ್ನು ಧಾರಾಳವಾಗಿ ಕೊಟ್ಟು, ಶಿಶುವು ತನ್ನ ಮಾಂಸವನ್ನು ಕರಗಿಸಿಕೊಳ್ಳದಂತೆ ತಡೆಯಬೇಕು. ಇದಿಷ್ಟನ್ನು ಯಾವ ಚಿಕ್ಕ ಆಸ್ಪತ್ರೆಯಲ್ಲಿಯಾದರೂ, ಆ್ಯಂಬುಲೆನ್ಸನ್ನು ಕಾಯುವ ಹೊತ್ತಿನಲ್ಲಿಯೇ ಮಾಡಬಹುದು. ಪ್ರೋಟೀನನ್ನು ಒಂದೆರಡು ದಿನಗಳಿಗಿಂತ ಹೆಚ್ಚು ಕಾಲ ಪೂರ್ತಿಯಾಗಿ ನಿಲ್ಲಿಸಲಾಗದು, ನಿಲ್ಲಿಸಿದರೆ ಮತ್ತೆ ಮಾಂಸವೇ ಕರಗುತ್ತದೆ. ಅಮೋನಿಯಾ ಬಹಳ ಏರಿದ್ದರೆ ಡಯಾಲಿಸಿಸ್ ಒಂದೇ ಶೀಘ್ರಮಾರ್ಗ. ಅದರೊಡನೆ ಕೊಡುವ ಔಷಧಗಳ ಹಿಂದೆ ಒಂದು ಸುಂದರವಾದ ಇತಿಹಾಸವಿದೆ. ಜೀವಿಗಳ ನೆರವಿಲ್ಲದೆ 1828ರಲ್ಲಿ ಯೂರಿಯಾವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ಕೀರ್ತಿವಂತನಾದ ಜರ್ಮನಿಯ ವೋಲರನ ಬಳಿ ಕೆಲಸ ಮಾಡುತ್ತಿದ್ದ ಕೆಲ್ಲರ್ ಎಂಬಾತನು, 1842ರಲ್ಲಿ ಬೆಂಜೋಯಿಕ್ ಆಮ್ಲವನ್ನು ತಾನೇ ಸೇವಿಸಿ, ಅದು ದೇಹದೊಳಗೆ ಸಾರಜನಕಯುಕ್ತವಾದ ಹಿಪ್ಪುರಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಬರುವುದನ್ನು ತೋರಿಸಿದ್ದನು. ಒಂದು ಶತಮಾನಕ್ಕೂ ಹೆಚ್ಚು ಕಾಲ ಪುಸ್ತಕದಲ್ಲಿಯೇ ಉಳಿದಿದ್ದ ಆ ಸಂಗತಿಯನ್ನು ಬಾಲ್ಟಿಮೋರಿನ ಸಾಲ್ ಬ್ರುಸಿಲೋ ಮತ್ತು ಅವರ ಸಹೋದ್ಯೋಗಿಗಳು 1979ರಲ್ಲಿ ಹೊಸ ದೃಷ್ಟಿಯಿಂದ ನೋಡಿದರು: ಯೂರಿಯಾದ ಮಾರ್ಗ ಮುಚ್ಚಿದ್ದರೆ, ಸಾರಜನಕವು ಬೇರೆ ಮಾರ್ಗದಿಂದ ಏಕೆ ಹೊರಹೋಗಬಾರದು? ನಮ್ಮ ಅಂಗಡಿಗಳ ಉಪ್ಪಿನಕಾಯಿ ಕೆಡದಂತೆ ಬೆರೆಸುವ ಸೋಡಿಯಂ ಬೆಂಜೊಯೇಟೇ ಈ ಮಕ್ಕಳಿಗೆ ಜೀವರಕ್ಷಕವಾಯಿತು. ಅದರ ಒಂದೊಂದು ಅಣುವು ಒಂದೊಂದು ಸಾರಜನಕವನ್ನು ಹೊತ್ತೊಯ್ಯುತ್ತದೆ. ಜೊತೆಗೆ ಬಳಕೆಗೆ ಬಂದ ಫಿನೈಲ್ ಅಸಿಟೇಟು ಎರಡೆರಡನ್ನು ಒಯ್ಯುತ್ತದೆ. 2007ರಲ್ಲಿ ಪ್ರಕಟವಾದ, ಇಪ್ಪತ್ತೈದು ವರ್ಷಗಳ 299 ರೋಗಿಗಳ ವರದಿಯಲ್ಲಿ ನೂರಕ್ಕೆ 84 ಮಂದಿ ಬದುಕುಳಿದಿದ್ದರು. ಔಷಧವಿಲ್ಲದ ಕಾಲದಲ್ಲಿ ನವಜಾತ ರೂಪದ ವ್ಯಾಧಿಯಿಂದ ಬದುಕಿದವರು ಅಪರೂಪವಾಗಿದ್ದರೆಂಬುದನ್ನು ನೆನೆದಾಗ ಈ ಅಂಕಿಯ ಘನತೆ ಅರಿವಾಗುತ್ತದೆ.

ಹುಟ್ಟಿದ ಪ್ರತಿಯೊಂದು ಕೂಸಿನ ಹಿಮ್ಮಡಿಯಿಂದ ಎರಡು ತೊಟ್ಟು ರಕ್ತ ತೆಗೆದು ಇಂತಹ ರೋಗಗಳನ್ನು ಮುಂಚಿತವಾಗಿಯೇ ಹುಡುಕಬಾರದೇಕೆ ಎಂದು ಓದುಗರು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ನಮ್ಮ ದೇಶದಲ್ಲಿ ಆ ಪ್ರಶ್ನೆಯನ್ನು ಮೊದಲು ಕಾರ್ಯರೂಪಕ್ಕೆ ತಂದ ಸ್ಥಳಗಳಲ್ಲಿ ಬೆಂಗಳೂರೂ ಒಂದೆಂಬುದು ನಮಗೆ ಅಭಿಮಾನದ ವಿಷಯ. ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಎನ್. ಅಪ್ಪಾಜಿ ರಾವ್ ಅವರೂ ಅವರ ಸಂಗಡಿಗರೂ 1980ರ ದಶಕದಲ್ಲಿ ಕರ್ನಾಟಕದ ಲಕ್ಷದಷ್ಟು ನವಜಾತ ಶಿಶುಗಳ ರಕ್ತವನ್ನು ಅಮೈನೋ ಆಮ್ಲಗಳ ದೋಷಗಳಿಗಾಗಿ ಪರೀಕ್ಷಿಸಿದರು. ಅದರೊಡನೆಯೇ ಅವರು ತಂದೆತಾಯಿಗಳ ಸಂಬಂಧವನ್ನೂ ದಾಖಲಿಸಿಕೊಂಡುದರಿಂದ, ಅಂದಿನ ಮೈಸೂರು ಬೆಂಗಳೂರು ಸೀಮೆಯ ವಿವಾಹಗಳಲ್ಲಿ ಹತ್ತಿರಹತ್ತಿರ ಮೂರರಲ್ಲೊಂದು ರಕ್ತಸಂಬಂಧದೊಳಗಿನದೆಂದೂ, ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಪದ್ಧತಿಯೇ ಅದರಲ್ಲಿ ಬಲವಾಗಿತ್ತೆಂದೂ ಜಗತ್ತಿಗೆ ತಿಳಿಯಿತು. ತಂದೆತಾಯಿಗಳಿಬ್ಬರಿಂದಲೂ ಒಂದೇ ದೋಷ ಬಂದು ಸೇರುವ ಸಾಧ್ಯತೆ ಇಂತಹ ವಿವಾಹಗಳಲ್ಲಿ ಹೆಚ್ಚೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಇಂದು ಹಲವು ಖಾಸಗಿ ಆಸ್ಪತ್ರೆಗಳಲ್ಲಿ ಈ ತಪಾಸಣೆ ಹಣ ಕೊಟ್ಟವರಿಗೆ ದೊರೆಯುತ್ತದೆ. ದೇಶದ ಎಲ್ಲ ಶಿಶುಗಳಿಗೂ ಅನ್ವಯಿಸುವ ರಾಷ್ಟ್ರೀಯ ಯೋಜನೆ ಇನ್ನೂ ಇಲ್ಲ. ಅದು ಬರಲೇಬೇಕು. ಆದರೆ ಅದು ಬಂದರೂ ಈ ಲೇಖನದ ವ್ಯಾಧಿಗಳಿಗೆ ಪೂರ್ಣವಾದ ಕಾವಲಾಗದು. ಏರಿದ ಸಿಟ್ರುಲಿನ್ನನ್ನು ತಪಾಸಣೆಯ ಯಂತ್ರವು ಸುಲಭವಾಗಿ ಹಿಡಿಯುತ್ತದೆ, ಇಳಿದುದನ್ನು ಹಿಡಿಯುವುದು ಕಷ್ಟ. ಮೇಲಾಗಿ ಎರಡನೆಯ ಮೂರನೆಯ ದಿನ ತೆಗೆದ ರಕ್ತದ ವರದಿ ಬರುವ ಹೊತ್ತಿಗೆ ಉಗ್ರರೂಪದ ಕೂಸು ಆಗಲೇ ಪ್ರಜ್ಞೆ ತಪ್ಪಿರುತ್ತದೆ.

ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಚಕ್ರದ ಮೊದಲನೆಯ ಕಿಣ್ವವಿಲ್ಲದೆ ಹುಟ್ಟಿದ ಗಂಡುಮಗುವೊಂದಕ್ಕಾಗಿ, ಅದರ ವಂಶವಾಹಿಯ ಆ ಒಂದು ಅಕ್ಷರದೋಷವನ್ನೇ ತಿದ್ದುವ ಔಷಧವನ್ನು ರೆಬೆಕಾ ಆರೆನ್ಸ್-ನಿಕ್ಲಾಸ್, ಕಿರಣ್ ಮುಸುನೂರು ಮತ್ತು ಅವರ ಸಂಗಡಿಗರು ಕೆಲವೇ ತಿಂಗಳುಗಳಲ್ಲಿ ತಯಾರಿಸಿ 2025ರಲ್ಲಿ ಕೊಟ್ಟರು. ಒಬ್ಬನೇ ರೋಗಿಗಾಗಿ ರೂಪಿಸಿದ ಅಂತಹ ಚಿಕಿತ್ಸೆ ಅದೇ ಮೊದಲು. ಪತ್ರಿಕೆಗಳೆಲ್ಲವೂ ಆ ಪವಾಡವನ್ನು ಕೊಂಡಾಡಿದುವು. ಕೊಂಡಾಡಬೇಕಾದುದೇ, ಆದರೆ ಆ ಮಗುವು ಹುಟ್ಟಿದ ಮೊದಲ ದಿನಗಳಲ್ಲಿಯೇ ಜಡವಾದಾಗ ಅಮೋನಿಯಾವನ್ನು ಪರೀಕ್ಷಿಸಬೇಕೆಂದು ಯಾರಿಗೋ ಹೊಳೆಯದಿದ್ದರೆ, ಔಷಧವನ್ನು ತಯಾರಿಸುವಷ್ಟು ಕಾಲ ಅದು ಉಳಿಯುತ್ತಲೇ ಇರಲಿಲ್ಲವೆಂಬುದನ್ನು ಹೆಚ್ಚು ಮಂದಿ ಬರೆಯಲಿಲ್ಲ. ನಮ್ಮಲ್ಲಿ 2021ರ ವಿರಳ ರೋಗಗಳ ರಾಷ್ಟ್ರೀಯ ನೀತಿಯು ಈ ವ್ಯಾಧಿಗಳನ್ನೂ ಒಳಗೊಂಡಿದ್ದು, ಅದರ ಅನ್ವಯ ನಿಯುಕ್ತವಾದ ಕೇಂದ್ರಗಳಲ್ಲಿ 50 ಲಕ್ಷ ರೂಪಾಯಿಗಳವರೆಗೆ ನೆರವು ದೊರೆಯುವ ಅವಕಾಶವಿದೆ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೊಡಗೂಡಿ ಅಂತಹ ಕೇಂದ್ರವಾಗಿದೆ. ನೆರವನ್ನು ಬೇಡಲು ಅರ್ಜಿಯಲ್ಲಿ ರೋಗದ ಹೆಸರಿರಬೇಕು. ಹೆಸರಿಲ್ಲದೆ ಸತ್ತ ಕೂಸಿನ ಮನೆಯವರಿಗೆ ಯಾವ ನೀತಿಯೂ ನೆರವಾಗದು.

ಈ ಕಾರಣದಿಂದಲೇ, ಉಳಿಸಿಕೊಳ್ಳಲಾಗದ ಕೂಸಿನ ವಿಷಯದಲ್ಲಿಯೂ ನಿದಾನವನ್ನು ಕೈಬಿಡಬಾರದೆಂದು ನಾನು ಕೈಮುಗಿದು ಬೇಡುತ್ತೇನೆ. ಕಡೆಯ ಗಳಿಗೆಯಲ್ಲಿ ಸೂಜಿ ಚುಚ್ಚುವುದು ಕ್ರೌರ್ಯವೆಂದು ತೋರುವುದು ಸಹಜ. ಮನೆಯವರಿಗೆ ಕಾರಣವನ್ನು ಮೆಲ್ಲನೆ ತಿಳಿಸಿ, ಅವರ ಒಪ್ಪಿಗೆ ಪಡೆದು, ಪ್ಲಾಸ್ಮಾವನ್ನೂ ಮೂತ್ರವನ್ನೂ ಹಿಮಗಟ್ಟಿಸಿಟ್ಟು, ವಂಶವಾಹಿಯ ಪರೀಕ್ಷೆಗೆ ಒಂದು ಕೊಳವೆ ರಕ್ತವನ್ನು ತೆಗೆದು, ಶೋಧಕ ಕಾಗದದ ಮೇಲೆ ನಾಲ್ಕು ತೊಟ್ಟು ರಕ್ತವನ್ನು ಒಣಗಿಸಿಟ್ಟುಕೊಂಡರೆ ಸಾಕು. ಆ ಕಾಗದವು ಅಂಚೆಯಲ್ಲಿ ಹೋಗಬಲ್ಲುದು. ಅದರಿಂದ ದೊರೆಯುವ ಉತ್ತರವು ಮೊದಲು ತಾಯಿಗೇ ಉಪಯುಕ್ತವಾಗುವುದುಂಟು. ಎಕ್ಸ್ ವರ್ಣತಂತುವಿನ ದೋಷವನ್ನು ಹೊತ್ತ ಸ್ತ್ರೀಯರಲ್ಲಿ ಕೆಲವರು ಬಾಲ್ಯದಿಂದಲೂ ಮಾಂಸವನ್ನೋ ಬೇಳೆಕಾಳನ್ನೋ ತಮಗರಿವಿಲ್ಲದೆಯೇ ದೂರವಿಡುತ್ತ ಬಂದಿರುತ್ತಾರೆ. ಹೆರಿಗೆಯ ಅನಂತರದ ದಿನಗಳಲ್ಲಿ ಅಂತಹವರಿಗೆ ಅಮೋನಿಯಾ ಏರಿ, ಮಾತು ತಪ್ಪಿ, ಗಾಬರಿಗೊಂಡು, ಪ್ರಜ್ಞೆ ಕಳೆದುಕೊಳ್ಳುವ ಸಂಭವವಿದೆ. ಬಾಣಂತಿ ಸನ್ನಿಯೆಂದು ನಮ್ಮವರು ಕರೆದ ಸ್ಥಿತಿಗಳಲ್ಲಿ ಕೆಲವಾದರೂ ಇದೇ ಆಗಿದ್ದಿರಬಹುದೆಂಬುದು ನನ್ನ ಊಹೆ. ಕೂಸಿನ ರೋಗದ ಹೆಸರು ತಿಳಿದಿದ್ದರೆ ಬಾಣಂತಿಯು ಹಾಗೆ ಮಾತು ತಪ್ಪಿದ ದಿನವೇ ಅವಳ ರಕ್ತವನ್ನೂ ಪರೀಕ್ಷಿಸಬಹುದು.

ಅನಂತರ ಮುಂದಿನ ಗರ್ಭ. ತಂದೆತಾಯಿಗಳಿಬ್ಬರೂ ದೋಷವನ್ನು ಹೊತ್ತ ಮನೆಗಳಲ್ಲಿ ಪ್ರತಿಯೊಂದು ಗರ್ಭಕ್ಕೂ ನಾಲ್ಕರಲ್ಲೊಂದು ಪಾಲು ಅಪಾಯ. ತಾಯಿಯೊಬ್ಬಳೇ ಹೊತ್ತ ಎಕ್ಸ್ ದೋಷದಲ್ಲಿ ಗಂಡುಮಕ್ಕಳಿಗೆ ಎರಡರಲ್ಲೊಂದು. ವಂಶವಾಹಿಯ ದೋಷವು ನಿಖರವಾಗಿ ತಿಳಿದಿದ್ದರೆ ಹನ್ನೊಂದನೆಯ ವಾರದಿಂದ ಮಾಸಿನ ಅಂಚಿನ ಚೂರೊಂದನ್ನು ತೆಗೆದು ಪರೀಕ್ಷಿಸಬಹುದು. ಪರೀಕ್ಷೆ ಬೇಡವೆಂದು ಗರ್ಭವನ್ನು ಮುಂದುವರಿಸುವ ದಂಪತಿಗಳಿಗೂ ಮಾರ್ಗವಿದೆ: ಹೆರಿಗೆಯನ್ನು ಡಯಾಲಿಸಿಸ್ ಇರುವ ಆಸ್ಪತ್ರೆಯಲ್ಲಿ ಗೊತ್ತುಮಾಡಿ, ಹುಟ್ಟಿದ ಕೆಲವೇ ಗಂಟೆಗಳಲ್ಲಿ ಗ್ಲೂಕೋಸನ್ನೂ ಔಷಧವನ್ನೂ ಆರಂಭಿಸಿ, ಅಮೋನಿಯಾವನ್ನು ಮತ್ತೆ ಮತ್ತೆ ಅಳೆಯುತ್ತಿದ್ದರೆ, ಪ್ರಜ್ಞೆ ತಪ್ಪಿದ ಮೇಲೆ ಚಿಕಿತ್ಸೆ ಪಡೆದ ಮಕ್ಕಳಿಗಿಂತ ಇವರ ಬುದ್ಧಿಬೆಳವಣಿಗೆ ಬಹಳ ಮೇಲಾಗಿರುತ್ತದೆಂದು ಬ್ರುಸಿಲೋ ಅವರ ಗುಂಪು 1991ರಲ್ಲಿಯೇ ವರದಿ ಮಾಡಿದೆ. ಉಗ್ರರೂಪದ ಎಕ್ಸ್ ದೋಷವಿರುವ ಗಂಡುಮಗುವಿಗೆ ಔಷಧವೊಂದೇ ಬಹುಕಾಲ ಸಾಲುವುದಿಲ್ಲ. ಮಿತವಾದ ಪ್ರೋಟೀನಿನ ಆಹಾರದೊಡನೆ, ಪ್ರತಿಯೊಂದು ಜ್ವರಕ್ಕೂ ಎಚ್ಚರದಿಂದಿದ್ದು, ಯಕೃತ್ತಿನ ಕಸಿಗೆ ತಕ್ಕಷ್ಟು ತೂಕ ಬರುವವರೆಗೆ ಅವನನ್ನು ಕಾಪಾಡಿಕೊಳ್ಳಬೇಕಾಗುತ್ತದೆ, ಮತ್ತು ಆ ಕಸಿಗಾಗಿ ಕೇಂದ್ರದಲ್ಲಿ ಹೆಸರು ಬರೆಸುವ ಕೆಲಸವು ಅವನು ಹುಟ್ಟುವ ಮುಂಚೆಯೇ ಆರಂಭವಾಗಬಹುದು.